ಕೇಳದೆ ಉಳಿದ ಅರ್ಧ

ಕುತೈಸಿಯ ನಮ್ಮ ಇಗರ್ಜಿಯಲ್ಲಿ
ಆ ಅಕ್ಕತಂಗಿಯರ ಕಥೆ ಓದುವ ದಿನ
ನಾನು ಯಾವತ್ತೂ ಹಿತ್ತಲಲ್ಲಿ, ಒಲೆಯ ಹತ್ತಿರ.
ಅತಿಥಿ ಬಂದ, ಅಕ್ಕ ಅಡುಗೆಗೆ ನಿಂತಳು,
ತಂಗಿ ಅವನ ಕಾಲ ಬಳಿ ಕೂತಳು...
ಅಷ್ಟು ಕೇಳುವ ಹೊತ್ತಿಗೆ ಬೀನ್ಸ್ ಕಾಳು ತಳ ಹಿಡಿಯುತ್ತದೆ.
ಹದಿನಾರು ವರ್ಷವಾಯಿತು,
ಕಥೆಯ ಕೊನೆ ನನ್ನ ಕಿವಿಗೆ ಬಿದ್ದಿಲ್ಲ.

ದಿನಕ್ಕೆ ಎಂಬತ್ತು ಬಟ್ಟಲು.
ರಿಯೋನಿ ಹೊಳೆ ದಾಟಿ ಬರುವವರು,
ಮುಚ್ಚಿದ ಕಾರ್ಖಾನೆಯ ಮುದುಕರು,
ಮಗುವನ್ನು ಶಾಲಿನಲ್ಲಿ ಸುತ್ತಿಕೊಂಡ ಹುಡುಗಿ,
ಹೆಸರು ಕೇಳಿದರೆ ದಿನಕ್ಕೊಂದು ಹೇಳುವವನೊಬ್ಬ.
ಎಲ್ಲರಿಗೂ ದೋಣಿಯಂಥ ಉದ್ದನೆಯ ರೊಟ್ಟಿ,
ಮಣ್ಣಿನ ಬಾವಿಯಂಥ ತೋನೆ ಒಲೆಯೊಳಗೆ
ಸೊಂಟದವರೆಗೆ ಬಗ್ಗಿ, ಉಸಿರು ಹಿಡಿದು,
ಕಾದ ಗೋಡೆಗೆ ನಾನೇ ಬಡಿದಂಟಿಸಿದ್ದು.
ಇದೇ ನಿನ್ನ ಸಾಷ್ಟಾಂಗ, ನಾಜಿಬ್ರೋಲಾ,
ಎಂದು ಪಾದ್ರಿ ಒಮ್ಮೆ ಹೊಗಳಿದರು.
ನಂಬಿದೆ. ನಂಬುವುದಕ್ಕೆ ಬಿಡುವು ಬೇಕಿರಲಿಲ್ಲ.

ಆದರೆ ಒಳಗೊಳಗೇ ಎಣಿಸುತ್ತಿದ್ದೆ:
ಲಮಾರಾ ಇವತ್ತು ಎಷ್ಟು ಹೊತ್ತು ಮೊಣಕಾಲೂರಿದಳು,
ಎಷ್ಟು ಈರುಳ್ಳಿ ಹೆಚ್ಚದೆ ಉಳಿದವು.
ಪ್ರಾರ್ಥನೆ ಮುಗಿಸಿ, ಕಣ್ಣು ಒದ್ದೆ ಮಾಡಿಕೊಂಡು ಬಂದವಳ ಮುಂದೆ
ಚಾಕು ಕುಕ್ಕುತ್ತಿದ್ದೆ:
ತಗೋ, ಈಗ ಅಳಲು ಕಾರಣವಾದರೂ ಇರಲಿ.
ದೇವರ ಹೆಸರಿನ ಸಾರಿಗೆ ಎಷ್ಟು ಕಹಿ ಬೆರೆಸಿದೆನೋ,
ಉಂಡವರಾರೂ ದೂರಲಿಲ್ಲ.

ದೊಡ್ಡ ಉಪವಾಸದ ನಾಲ್ಕನೆಯ ವಾರ
ತೋನೆ ನನ್ನ ಬಲಗೈಯನ್ನು ಮೊಣಕೈತನಕ ಸುಟ್ಟಿತು.
ಲಮಾರಾ ಮುಲಾಮು ಸವರಿ, ಬಟ್ಟೆ ಸುತ್ತಿ,
ಹೆಗಲು ಹಿಡಿದು ಇಗರ್ಜಿಯೊಳಗೆ ಕೂರಿಸಿ
ತಲೆವಸ್ತ್ರ ಬಿಗಿದು ತಾನೇ ಒಲೆಗೆ ಹೋದಳು.

ಕೂತೆ.
ಮರಳಿನಲ್ಲಿ ನೆಟ್ಟ ಮೇಣದಬತ್ತಿಗಳು ವಾಲಿದ್ದವು, ನೆಟ್ಟಗೆ ಮಾಡಬೇಕು.
ಮಾತೆಯ ಚಿತ್ರದ ಗಾಜಿನ ಮೇಲೆ ಮುತ್ತಿಟ್ಟವರ ತುಟಿಯ ಗುರುತು, ಒರೆಸಬೇಕು.
ನೆಲಕ್ಕಂಟಿದ ಮೇಣ. ಚಮಚದ ಹಿಡಿಯಿಂದ ಕೆರೆದರೆ ಬರುತ್ತದೆ.
ಓ ಪ್ರಭು, ಅಂದೆ. ಮುಂದೆ ಏನೂ ಬರಲಿಲ್ಲ.
ಓ ಪ್ರಭು, ಗುರುವಾರಕ್ಕೆ ಎಣ್ಣೆ ಸಾಲದು,
ಸೌದೆಯವನಿಗೆ ಬಾಕಿ.
ಲೆಕ್ಕದ ಪುಸ್ತಕ ಮಡಚಿದಂತೆ ಆಮೆನ್ ಅಂದೆ.
ಸದ್ದಿಲ್ಲ.
ಇಷ್ಟು ವರ್ಷ ಬಡಿಸಿದ ಮನೆಯಲ್ಲಿ
ಯಜಮಾನನ ಮುಖ ನೋಡಿದ ನೆನಪಿಲ್ಲ;
ಬಟ್ಟಲು ತುಂಬಿದೆಯೋ ಇಲ್ಲವೋ, ಅಷ್ಟೇ ನೋಡಿದ್ದೆ.

ಆಗ ವಾರ್ಲಾಮ್ ಬಂದು ಅದೇ ಬೆಂಚಿನ ತುದಿಗೆ ಕೂತ.
ಮೂರು ವರ್ಷದಿಂದ ನನ್ನ ಕೈಯ ಸಾರು ಉಂಡವನು,
ಬೇಗ, ಮುಂದೆ ಹೋಗಿ, ಹಿಂದೆ ಜನ ಇದ್ದಾರೆ
ಅಂತ ನಾನು ದಿನಾ ಅಟ್ಟಿದವನು.
ಏನೂ ಬೇಡಲಿಲ್ಲ, ಏನೂ ಗೊಣಗಲಿಲ್ಲ.
ಟೊಪ್ಪಿ ಮಡಿಲಲ್ಲಿಟ್ಟು ದೀಪ ನೋಡುತ್ತಿದ್ದ,
ಚಳಿಯಿಂದ ಬಂದವನು ಬೆಂಕಿ ಕಾಯಿಸಿಕೊಳ್ಳುವ ಹಾಗೆ.
ತುಂಬ ಹೊತ್ತಿನ ಮೇಲೆ ಕೇಳಿದ:
ಕೈ ಉರಿಯುತ್ತಿದೆಯಾ?
ಅವನ ದನಿ ಕೇಳಿದ್ದು ಅದೇ ಮೊದಲು.
ಹಳೆಯ ಮೇಷ್ಟರ ದನಿ, ಸೀಮೆಸುಣ್ಣದ ಪುಡಿಯಷ್ಟು ಮೆತ್ತಗೆ.
ಹೌದು ಅಂದೆ. ಅಳು ಬಂತು.
ಹತ್ತಿರದಲ್ಲಿ ಈರುಳ್ಳಿ ಇರಲಿಲ್ಲ.

ಗಾಯ ಮಾಯಿತು. ಮತ್ತೆ ಎಂಬತ್ತು ಬಟ್ಟಲು.
ನಾನೇನೂ ಸಂತಳಾಗಲಿಲ್ಲ,
ನಿನ್ನೆಯೂ ಲಮಾರಾಳ ಮೇಲೆ ರೇಗಿದೆ.
ಆದರೆ ಹಿಟ್ಟು ನಾದಿ, ಒದ್ದೆ ಬಟ್ಟೆ ಹೊದಿಸಿದ ಮೇಲೆ
ಅದನ್ನು ಯಾರೂ ಮುಟ್ಟಬಾರದ ಹೊತ್ತೊಂದಿದೆ.
ಮೊದಲು ಆಗ ಪಾತ್ರೆ ಉಜ್ಜುತ್ತಿದ್ದೆ.
ಈಗ ಪಾತ್ರೆಗಳು ಕಾಯುತ್ತವೆ, ಕೆಲವು ದಿನ.

ಮುಂದಿನ ಸಲ ಆ ಕಥೆ ಓದುವಾಗ
ಹೊಸ್ತಿಲ ತನಕ ಬರುತ್ತೇನೆ, ಸೌಟು ಕೈಯಲ್ಲೇ ಇರಲಿ.
ತಳ ಹಿಡಿದರೆ ಹಿಡಿಯಲಿ.
ಅಕ್ಕನಿಗೆ ಅವನು ಏನಂದ,
ಬೈದನೋ,
ಹೆಸರು ಹಿಡಿದು ಎರಡು ಸಲ ಕರೆದನೋ,
ಕೇಳಬೇಕು.