ಕಂಚು ಬೆಚ್ಚಗಾಗುವವರೆಗೆ

ಕಾಯಾನಿಯ ಕಾರ್ಮಿಕ ಭವನದ ಹಿಂಬಾಗಿಲಲ್ಲಿ
ವ್ಯಾನು ನಿಂತಾಗ ಹೊರಗೆ ಮೈನಸ್ ಮೂವತ್ತೊಂದು.
ಗಿಟಾರಿನ ಉರ್ಪೊ ಕಾಫಿಗೆ ಓಡಿದ,
ಆರ್ಗನ್ನಿನವನು ಮೂತ್ರಕ್ಕೆ.
ನಾನು ಸಿಂಬಲ್‌ಗಳ ಪೆಟ್ಟಿಗೆಯನ್ನು ಎದೆಗವಚಿಕೊಂಡು
ಜಾರುವ ಮೆಟ್ಟಿಲು ಹತ್ತಿದೆ,
ಹಸುಗೂಸನ್ನು ಮೊದಲ ಸಲ ಮನೆಗೆ ತರುವವನಂತೆ.

ತೋರ್ಸ್ತಿ ಕಲಿಸಿದ ಮೊದಲ ಪಾಠ ಅದು:
ಚಳಿ ಹಿಡಿದ ಕಂಚನ್ನು ಹೊಡೆಯಕೂಡದು.
ಬಿರುಕು ಬಿಟ್ಟರೆ ನಿನ್ನ ಸಂಬಳದಲ್ಲಿ ಮುರಿಯುತ್ತೇನೆ, ಅಂದಿದ್ದ.
ನನಗೆ ಸಂಬಳವೇ ಇರಲಿಲ್ಲ, ಆ ಮಾತು ಬೇರೆ.

ಅಡುಗೆಕೋಣೆಯ ಒಲೆಯ ಪಕ್ಕ
ಒಂದೊಂದನ್ನೂ ಕಂಬಳಿಯಿಂದ ಬಿಡಿಸಿ
ಬೆಂಚಿಗೆ ಒರಗಿಸಿಟ್ಟೆ.
ಏಲಕ್ಕಿ ಬನ್ನಿಗೆ ಹಿಟ್ಟು ನಾದುತ್ತಿದ್ದ ಔನೆ ತಿರುಗಿ ನೋಡಿ
ಸೌನಾಕ್ಕೆ ಬಂದ ನೆಂಟರೋ, ಎಂದಳು.
ನಿಜಕ್ಕೂ ಅವು ಬೆವರತೊಡಗಿದವು.
ನಾನು ಒರೆಸಿದೆ, ಮತ್ತೆ ಬೆವರಿದವು, ಮತ್ತೆ ಒರೆಸಿದೆ.

ಆಮೇಲೆ ವೇದಿಕೆ. ಜಮಖಾನೆಯ ಮೇಲೆ ಅಂಟುಪಟ್ಟಿಯ ಗುರುತು,
ಎಲ್ಲವೂ ಅವನ ಗೇಣಿನ ಅಳತೆ.
ಎಡಕ್ಕೆ, ಕಾಲೊತ್ತಿದರೆ ಬಾಯಿ ಮುಚ್ಚುವ ಜೋಡಿ.
ಅದರ ನೆತ್ತಿಯಲ್ಲಿ ಅಂಗೈಯಗಲದ ಎರಡು ಪುಟಾಣಿಗಳು,
ಸಾಸಿವೆಯಂತೆ ಸಿಡಿದು ಮುಗಿಯುವಂಥವು.
ಬಲಕ್ಕೆ ಇಪ್ಪತ್ತೆರಡು ಅಂಗುಲದ ರೈಡು:
ಅದರ ನಡುಗುಬ್ಬಿಗೆ ಕೋಲಿನ ಕತ್ತು ತಾಗಿದರೆ ಸಾಕು,
ಕೊನೆಯ ಸಾಲಿನವರೆಗೂ ಬೆನ್ನು ನೆಟ್ಟಗಾಗುತ್ತಿತ್ತು.
ಅಂಚು ಬಿರಿದ ಹಳೆಯದೊಂದನ್ನು ಎಸೆಯದೆ
ಇನ್ನೊಂದರ ಮೇಲೆ ಕವುಚಿ ಬಿಗಿದಿದ್ದ.
ನಾವು ಅದನ್ನು ಅತ್ತೆ ಎನ್ನುತ್ತಿದ್ದೆವು:
ಒಂದೇ ಮಾತು, ಮುಂದೆ ಮಾತಿಲ್ಲ.

ಮತ್ತೆ ಆ ದೊಡ್ಡದು.
ತುರ್ಕುವಿನಲ್ಲಿ ಯಾವುದೋ ಬ್ಯಾಂಡಿನವನ ವಿಧವೆಯಿಂದ ಕೊಂಡದ್ದು,
ಸುತ್ತಿಗೆಯ ಏಟುಗಳು ಸಿಡುಬಿನ ಕಲೆಯಂತೆ ಮೈತುಂಬ.
ಬೆನ್ನ ಹಿಂದೆ, ತಲೆಗಿಂತ ಮೊಳ ಎತ್ತರಕ್ಕೆ ತೂಗಬೇಕು.
ಇಪ್ಪತ್ತಮೂರು ನಿಮಿಷದ ಹಾಡಿನಲ್ಲಿ
ಅವನು ಅದನ್ನು ಮುಟ್ಟುತ್ತಿದ್ದುದು ಒಮ್ಮೆ.
ಆ ಒಮ್ಮೆಗಾಗಿ ಬೇರೆ ಸ್ಟ್ಯಾಂಡು, ಮರಳಿನ ಚೀಲ, ಇನ್ನೊಂದು ಮೈಕು,
ವ್ಯಾನಿನಲ್ಲಿ ಒಬ್ಬ ಆಳಿನ ಜಾಗ.
ಉರ್ಪೊ ಪ್ರತಿ ಊರಿನಲ್ಲೂ ಗೊಣಗುತ್ತಿದ್ದ.

ಅಂದು ಸೌಂಡ್ ಚೆಕ್‌ಗೆ ತೋರ್ಸ್ತಿ ಇರಲಿಲ್ಲ,
ಹಲ್ಲುನೋವೆಂದು ಡಾಕ್ಟರನ್ನು ಹುಡುಕಿ ಹೋಗಿದ್ದ.
ಮೈಕಿನವರು ಕೂಗಿದರು: ನೀನೇ ಕೂತು ಬಡಿಯಯ್ಯಾ.
ಕೂತೆ.
ನಾನೇ ಬಿಗಿದ ತಿರುಪುಗಳು, ನಾನೇ ಒರೆಸಿದ ಕಂಚು,
ಅವನದೇ ಕೋಲು, ಅವನ ಕುರ್ಚಿಯ ತಗ್ಗು.
ಒಂದೊಂದನ್ನೂ ಹೊಡೆದೆ.
ಕಂಚು ಕಂಚಿನ ಹಾಗೆ ಸದ್ದು ಮಾಡಿತು.
ತಪ್ಪೇನಿಲ್ಲ, ಸರಿ ಇದೆ, ಇಳಿ, ಎಂದರು.

ರಾತ್ರಿ, ಕೆನ್ನೆ ಊದಿಸಿಕೊಂಡೇ ಅವನು ಶುರುಮಾಡಿದ.
ಮೊಣಕೈಗಳು ಪಕ್ಕೆಗಂಟಿ,
ಕಂಕುಳಲ್ಲಿ ದಿನಪತ್ರಿಕೆ ಸಿಕ್ಕಿಸಿಕೊಂಡವನಂತೆ;
ಕುಣಿತವೆಲ್ಲ ಮಣಿಕಟ್ಟಿನಿಂದಾಚೆಗೆ.
ಲೋಕ ನಾಲ್ಕರಲ್ಲಿ ನಡೆದರೆ ಇವನದು ಏಳು.
ಏಳು: ಎಣಿಕೆಯೂ ಹೌದು,
ಮಲಗಿದವನನ್ನು ಎಬ್ಬಿಸುವ ಮಾತೂ ಹೌದು.
ಎಂಟನೆಯ ಮೆಟ್ಟಿಲಿದೆಯೆಂದು ಇಟ್ಟ ಕಾಲು
ಆಗಲೇ ನೆಲದ ಮೇಲಿರುತ್ತದಲ್ಲ, ಹಾಗೆ
ಹೊಟ್ಟೆಯೊಳಗೊಂದು ಸಣ್ಣ ದಿಗಿಲು, ಪ್ರತಿ ಸುತ್ತಿಗೂ.
ಕಾಗದದ ಗಿರಣಿಯ ಗಂಡಸರು ಮೇಜಿಗೆ ಬೆರಳು ಕುಟ್ಟಿ
ಲೆಕ್ಕ ಹಿಡಿಯಲು ನೋಡಿ, ಸೋತು, ಬಿಯರಿಗೆ ಮರಳಿದರು.
ಬಾಗಿಲಲ್ಲಿ ನಿಂತಿದ್ದ ಔನೆ ಮಾತ್ರ
ಹಿಟ್ಟಿನ ಕೈಯಲ್ಲಿ ತನ್ನ ತೊಡೆ ತಟ್ಟುತ್ತಿದ್ದಳು,
ಒಂದೂ ತಪ್ಪದೆ.

ಹತ್ತೊಂಬತ್ತನೆಯ ನಿಮಿಷ. ದೊಡ್ಡದರ ಗಳಿಗೆ.
ಬಲಗೈ ಮೇಲಕ್ಕೆ ಹೋಯಿತು,
ಅಂಚಿನವರೆಗೂ ಹೋಯಿತು,
ಹಾಗೇ ಹಿಂದಿರುಗಿತು.
ಏಟು ಬೀಳಲಿಲ್ಲ.
ಗಾಳಿ ತಾಗಿಯೋ ಏನೋ ತಟ್ಟೆ ಒಂದಿಷ್ಟು ವಾಲಿ,
ಚಾವಣಿಯಲ್ಲಿ ಅದರ ಬೆಳಕು ಉದ್ದಕ್ಕೆ ಹರಿದಾಡಿತು.
ನನ್ನ ಕೂದಲು ನಿಮಿರಿತ್ತು.
ಆಮೇಲೆ ಕೇಳಿದೆ: ಅದು ಹೇಗೆ ಹೊಳೆಯಿತು?
ಭುಜ ಹಿಡಿದುಕೊಂಡಿತು ಮಾರಾಯ, ಎಂದ,
ಬಾಯೊಳಗಿನ ಹತ್ತಿ ಸರಿಮಾಡಿಕೊಳ್ಳುತ್ತ.

ಇರಲಿ. ಕಂಬಳಿ ಸುತ್ತುವ ಮುನ್ನ ಅಂಗೈ ಇಟ್ಟು ನೋಡಿದೆ,
ಬೆಚ್ಚಗಿತ್ತು.
ಹೊರಗೆ ಮೈನಸ್ ಮೂವತ್ತಮೂರು,
ಬೆಳಗಿನೊಳಗೆ ಓಉಲು ಸೇರಬೇಕು.
ಔನೆ ಉಳಿದ ಬನ್ನುಗಳನ್ನು ಕಾಗದದಲ್ಲಿ ಕಟ್ಟಿಕೊಟ್ಟಳು.
ಬಿಚ್ಚಿದರೆ ಏಳು.
ವ್ಯಾನಿನಲ್ಲಿ ನಾವು ಐವರು,
ದಾರಿಯುದ್ದಕ್ಕೂ ಉರ್ಪೊ ಪಾಲು ಹಾಕುತ್ತಲೇ ಇದ್ದ.