ನುಚ್ಚಿನಷ್ಟು

ಬನಹಟ್ಟಿಯಾಗ ಕರೆಂಟ್ ಹೋದ್ರ
ಎಲ್ಲಾರೂ ಬೈತಾರ, ನಾ ಕೆಲಸಕ್ಕ ಕುಂದರತೀನಿ.
ಮಗ್ಗ ಓಡಬೇಕಾದ್ರ ನಮ್ಮ ಗ್ವಾಡಿ, ಟೇಬಲ್ಲು,
ಗ್ಲಾಸಿನಾಗಿನ ನೀರು, ನನ್ನ ಹಲ್ಲು ಸೈತ
ಖಟ್ ಖಟ್ ಖಟ್ ಅಂತ ಒಂದ ತಾಳಕ್ಕ ನಡಗತಾವ.
ನಡುಗೋ ಟೇಬಲ್ ಮ್ಯಾಲ
ನುಚ್ಚಿನಷ್ಟು ರೆಸಿಸ್ಟರ್ ಹಿಡಿಯೂದಂದ್ರ
ಓಡೋ ಎತ್ತಿನ ಕಿವಿಯಾಗಿನ ಉಣ್ಣಿ ತಗದಂಗ.
ಜಮಖಂಡಿ ಐಟಿಐದಾಗ ಮಾಸ್ತರು
ಕೈ ನಡಗಬಾರದಂದ್ರ ಚಹಾ ಬಿಡವ್ವಾ ಅಂದಿದ್ರು.
ಚಹಾ ಬಿಟ್ಟಿಲ್ಲ. ಮಗ್ಗ ನಿಲ್ಲೂತನಕ ಕಾಯತೀನಿ.

ಈಗ ಓಣಿ ಗಪ್ಪಾಗೇತಿ.
ಇನ್ವರ್ಟರ್ ಒಂದ ಗುಂಯ್ ಅಂತೈತಿ.
ಬ್ಯಾಟರಿ ಹಳೇದು, ಒಂದೂವರಿ ತಾಸು ಬಾಳಿದ್ರ ಬಾಳೀತು,
ಅದರಾಗ ಐರನ್ ಕಾಯಾಕ ನಾಕು ನಿಮಿಷ.

ಈರಪ್ಪ ಕೊಣ್ಣೂರರವು ಹನ್ನೆರಡು ಮಗ್ಗ.
ಮಗ್ಗಕ್ಕ ಎರಡೆರಡು ಪರದೆ, ಹೆಬ್ಬೆರಳಿನಗಲ.
ಮ್ಯಾಲಿಂದು ಇವತ್ತಿನ ಮೀಟರ್,
ಕೆಳಗಿಂದು ಶುರುವಿನಿಂದ ನೇಯ್ದದ್ದೆಲ್ಲಾ.
ತಂತಿ ಕೂಡಿಸಿ ನೋಡಿದ್ರ
ಎರಡೂ ಒಂದ ಅಂಕಿ ತೋರಸತಾವ.
"ಇದೇನ್ರಿ ಅಕ್ಕಾರ, ಅವಳಿ ಜವಳಿ ಹುಟ್ಟ್ಯಾವೇನು?" ಅಂದ ಈರಪ್ಪ.

ತಪ್ಪು ಪರದೇದಲ್ಲ.
ಕಂಪನಿಯಾಗ ಎಲ್ಲಾವಕ್ಕೂ ಒಂದ ಹೆಸರಿಟ್ಟಾರ, ಏಳು ಎಂಟು.
ಒಂದ ತಂತಿ ಮ್ಯಾಲ ಕೂಡಿಸಿ ಕರದ್ರ
ಎರಡೂ ಓ ಅಂತಾವ.

ಬೋರ್ಡಿನ ಬೆನ್ನಿಗೆ ಭೂತಗನ್ನಡಿ ಹಿಡೀರಿ.
ಬಿಳಿ ಗೆರಿಯಾಗ ಎರಡು ಮನಿ ಬರದಾರ,
ಒಂದು ಏಳು ಎಂಟು, ಬಾಜೂಕ ಏಳು ಎ.
ರೆಸಿಸ್ಟರ್ ಮೊದಲನೇ ಮನ್ಯಾಗ ಕೂತೈತಿ.
ಅದನ್ನೆತ್ತಿ ಬಾಜೂಕ ಇಟ್ರ ಹೆಸರು ಬದಲು.
ಅಷ್ಟ.

ಅಷ್ಟ ಅನ್ನೂದು ಸಸಾರ.
ಒಂದ ತುದಿ ಕಾಸಿ ಎಬ್ಬಿಸಾಕ ಹೋದ್ರ
ಇನ್ನೊಂದು ಬಿಡೂದಿಲ್ಲ, ನಡುವ ಮುರೀತೈತಿ.
ಭಾಳ ಹೊತ್ತು ಕಾಸಿದ್ರ
ತಾಮ್ರದ ನೆಲಾನ ಕಿತ್ತು ಬರತೈತಿ,
ಆಮ್ಯಾಲ ಯಾ ದೇವರಿಂದೂ ಆಗೂದಿಲ್ಲ.
ಅದಕ ಎರಡೂ ಕಡೆ ಸೋಲ್ಡರ್ ಒಂಚೂರು ಹೆಚ್ಚಿಗಿ ಕುಡಸಬೇಕು,
ಎರಡೂ ತುದಿ ಒಮ್ಮಿಗೇ ಕರಗಿ ಮಿಂಚಿದಾಗ
ಹರಿಯದಂಗ ಹಾಲಿನ ಕೆನಿ ಸರಿಸಿದಂಗ ಸರಿಸಬೇಕು.
ಉಸುರು ಸೈತ ಹಿಡೀಬೇಕು.
ಹ್ವಾದ ವಾರ ಸೀನು ಬಂದು ಒಂದು ಹಾರಿ ಹೋತು.
ನಮ್ಮತ್ತಿ ಮರ ಹಿಡಕೊಂಡು ಕಸ ಕೇರಿ ಹುಡುಕಿ ಕೊಟ್ರು,
ಅಕ್ಕಿಯಾಗಿನ ಹಳ್ಳು ಆರಿಸೋ ಕಣ್ಣು ಅವರವು.
"ಇದನ?" ಅಂದ್ರು.
ಇದನ.

ರಾಳದ ಹೊಗಿ ಏಳತೈತಿ, ಕಣ್ಣು ಸಣ್ಣ ಮಾಡತೀನಿ.

ಈ ಮನ್ಯಾಗ ನಾ ಬರೂಕಿಂತ ಮೊದಲ
ಒಬ್ಬಾಕಿ ಕಸ್ತೂರಿ ಇದ್ಲು, ನಮ್ಮ ಭಾವನ ಹೇಂತಿ.
ಕಸ್ತೂರಿ ಅಂತ ಕರದ್ರ ಇಬ್ಬರೂ ಓ ಅಂದ್ರ ಹೆಂಗ?
ತಾಟಿನ ತುಂಬ ಅಕ್ಕಿ ಹರವಿದ್ರು,
ಇವರ ಕೈಯಾಗ ಉಂಗುರ ಕೊಟ್ಟು ಬರಸಿದ್ರು, ದಾನಮ್ಮ ಅಂತ.
ನಾ ಎದುರಿಗೆ ಕೂತಿದ್ದೆ,
ನನ್ನ ಕಡಿಂದ ಅಕ್ಷರ ತಲಿಕೆಳಗಾಗಿದ್ವು.
ಆ ಅಕ್ಕಿ ಅನ್ನಾ ಮಾಡಿದ್ರೋ ಏನ್ ಮಾಡಿದ್ರೋ, ಕೇಳಿಲ್ಲ.
ಒಂದು ವರ್ಷ, ಯಾರಾರ ದಾನಮ್ಮ ಅಂದ್ರ
ಬಾಗಿಲ ಕಡೆ ನೋಡತಿದ್ದೆ,
ಯಾರು ಬಂದ್ರಪಾ ಅಂತ.

ಸರೀತು. ಕೂತಗೊಂತು.
ಚಿಮಟಿ ಬಿಟ್ಟು ಮೂರು ಎಣಸಿ ಉಸುರು ಬಿಟ್ಟೆ.
ಹಚ್ಚಿ ನೋಡಿದೆ. ಮ್ಯಾಲಿಂದು ಸೊನ್ನಿ,
ಕೆಳಗಿಂದು ನಾಕು ಸಾವಿರದ ಹದಿನೇಳು.
ಬ್ಯಾರೆ ಬ್ಯಾರೆ.

ಹಳೇ ಮನ್ಯಾಗ ಇನ್ನೂ ಎರಡು ಚುಕ್ಕಿ ಸೋಲ್ಡರ್ ಹೊಳೀತಾವ.
ತಾಮ್ರದ ಬತ್ತಿ ಹಚ್ಚಿ ಒರಸಬೇಕಂತಾರ ಕಲಿತವರು.
ನಾ ಒರಸೂದಿಲ್ಲ.
ಅದರಿಂದ ಯಾರಿಗೂ ಏನೂ ಆಗೂದಿಲ್ಲ.

ಫೋನ್ ಬಂತು, ತೇರದಾಳದಿಂದ ಅವ್ವ.
"ಕಸ್ತೂರೀ, ಉಂಡೇನ?"
ಇಲ್ಲವ್ವ, ಕರೆಂಟ್ ಬರೂದ್ರಾಗ ಇನ್ನೊಂದು ಮಾಡಿ ಅನ್ನೂದ್ರಾಗ
ಓಣಿ ತುಂಬ ಖಟ್ ಖಟ್ ಖಟ್.
ಟೇಬಲ್ ಮ್ಯಾಲಿನ ಹನ್ನೊಂದು ಪರದೆ
ಒಂದಕ್ಕೊಂದು ತಾಗಿ ಅಂಚಿನ ಕಡೆ ಸರಕೊಂತ ಹೊಂಟಾವ.
ಅಂಗೈ ಅಡ್ಡ ಹಿಡಿದು ಡಬ್ಬಿಗೆ ಬಳದೆ, ಐರನ್ ಆರಸಿದೆ.
ಅವ್ವ ಇನ್ನೂ ಏನೋ ಹೇಳಾಕತ್ತಿದ್ಲು,
ಹೆಸರು ಹಿಡದು ಕರದಂಗಾತು, ಪೂರಾ ಕೇಳಲಿಲ್ಲ.