೧೯೦೪ರಲ್ಲಿ ಹುಟ್ಟಿದವರು

ನರೀನ್ ಊರಿನ ಟೆಲಿವಿಷನ್ ಕೇಂದ್ರದ ನೆಲಮಾಳಿಗೆಯಲ್ಲಿ
ಹೀಟರಿನ ಎರಡು ಸರಳಲ್ಲಿ ಒಂದು ಕೆಂಪು, ಒಂದು ಸತ್ತಿದೆ.
ಬುರುಲ್‌ಕಾನ್ ಅಕ್ಕ ಟೈಪಿಸುವುದು ಕೈಗವಸಿನಲ್ಲೇ,
ಬೆರಳ ತುದಿಗಳನ್ನಷ್ಟೇ ಕತ್ತರಿಸಿ ತೆಗೆದದ್ದು.

ಉಪಕರಣ ಇಳಿಸಿಕೊಳ್ಳಬೇಕಿತ್ತು.
ಅನುಮತಿ ಇಲ್ಲ, ಎಂದಿತು ಕಪ್ಪು ಪರದೆ.
ಪಾಸ್‌ವರ್ಡ್ ಇದ್ದದ್ದು ನಿರ್ದೇಶಕರ ಬಳಿ,
ನಿರ್ದೇಶಕರು ಇದ್ದದ್ದು ಯಾರದೋ ಮಗುವಿನ ತೊಟ್ಟಿಲ ಹಬ್ಬದಲ್ಲಿ.
ಫೋನಿನಲ್ಲಿ, ಹಾಡಿನ ಗದ್ದಲದ ಮೇಲೆ, ಕೂಗಿ ಹೇಳಿದರು:
ತಮ್ಮ ಕುದುರೆಯ ಹೆಸರು, ಆಮೇಲೆ ನಾಲ್ಕು ಸೊನ್ನೆ.

ಒಳಗೆ ಬಿಟ್ಟರೆ, ಅದು ಇನ್ನೊಂದು ಬೇಕೆಂದಿತು.
ಆ ಇನ್ನೊಂದಕ್ಕೆ ಮತ್ತೆರಡು.
ಒಬ್ಬನನ್ನು ಮದುವೆಗೆ ಕರೆದರೆ ನಂಟರ ನಂಟರೂ ಬಂದ ಹಾಗೆ
ಲೈಬ್ರರಿಗಳು ಒಂದರ ಬೆನ್ನಿಗೊಂದು.
ಶೇಕಡಾ ಅರವತ್ತೆರಡಕ್ಕೆ ಕರೆಂಟು ಹೋಯಿತು.
ಚಹಾ ಕುಡಿದೆವು. ಉಪ್ಪಿನ ಚಹಾ.
ಮತ್ತೆ ಮೊದಲಿಂದ.

ಸಂಜೆ ನಾಲ್ಕಕ್ಕೆ ಬಂದು ನಿಂತಿತು, ಇಷ್ಟೇ ಇಷ್ಟು.
ಕಿಟಕಿಯಿಲ್ಲ, ಗುಂಡಿಯಿಲ್ಲ, ಒಂದು ಮಿನುಗುವ ಗೆರೆ.
ಏನು ಆವೃತ್ತಿ ಎಂದು ಕೇಳಿದೆ,
ಸಂಖ್ಯೆ ಹೇಳಿ ಬಾಯಿ ಮುಚ್ಚಿತು.

"ಇದು ಹಾಡಿಸುತ್ತದೆಯೇ, ತಿಲೆಕ್?"
ಇಲ್ಲ ಅಕ್ಕ.
"ತೋರಿಸುತ್ತದೆಯೇ?"
ಇಲ್ಲ. ಕಲ್ಲಂಗಡಿ ತಟ್ಟಿ ಕಿವಿಗೊಡುತ್ತಾರಲ್ಲ ಸಂತೆಯಲ್ಲಿ,
ಅಷ್ಟೇ. ಕೊಯ್ಯುವುದಿಲ್ಲ.

ಮೊದಲ ಕಡತ: ವಸಂತಹಬ್ಬ_ಅಂತಿಮ_ನಿಜಕ್ಕೂಅಂತಿಮ.
ಹೆಸರು ಕ್ಷೀರಸಾಗರ, ಒಳಗೆ ಮಜ್ಜಿಗೆಯೂ ಇಲ್ಲ:
ಚಿತ್ರ ಶೂನ್ಯ. ಶಬ್ದ ಒಂದು, ಎರಡು ಚಾನೆಲ್.
ನಲವತ್ತನಾಲ್ಕು ನಿಮಿಷ ಏಳು ಸೆಕೆಂಡು.
ಹುಟ್ಟಿದ್ದು ೧೯೦೪, ಜನವರಿ ೧.

ಎರಡನೆಯದೂ ಜನವರಿ ೧. ಹನ್ನೊಂದನೆಯದೂ.
ಗಡಿಯಾರ ಸತ್ತ ಕ್ಯಾಮೆರಾಗಳು ಅಕ್ಕ, ಎಂದೆ,
ದಿನ ಗೊತ್ತಿಲ್ಲದಾಗ ಸೊನ್ನೆ ಬರೆಯುತ್ತವೆ,
ಆ ಸೊನ್ನೆಯನ್ನು ಓದಿದರೆ ಆ ತಾರೀಖು.
ಅಕ್ಕ ನಗಲಿಲ್ಲ. "ನಮ್ಮಜ್ಜಿಯದೂ ಜನವರಿ ಒಂದೇ.
ಗಣತಿಗೆ ಬಂದವನಿಗೆ ಚಳಿಯಾಗಿತ್ತು,
ಕುದುರೆಯಿಂದ ಇಳಿಯದೆ ಬರೆದುಕೊಂಡು ಹೋದ."

ಅದೇ ಕಡತದ ಬುಡದಲ್ಲಿ, ಯಾರೂ ಇಣುಕದ ಟಿಪ್ಪಣಿಯ ಖಾನೆಯಲ್ಲಿ,
ಒಂದು ಸಾಲು:
*ಬಲಗಡೆಯ ಮೈಕನ್ನು ಚಮರಿಯ ಕರು ಅಗಿದಿದೆ.
ಎಡಗಿವಿಯಲ್ಲಿ ಕೇಳಿ. ಕ್ಷಮೆ ಇರಲಿ. ಸೊ.*

ಸೊ ಅಂದರೆ ಸೊರೋನ್‌ಕುಲ್. ಶಬ್ದದವನು.
ಇದೇ ಕುರ್ಚಿಯಲ್ಲಿ ಹತ್ತೊಂಬತ್ತು ವರ್ಷ ಕೂತವನು,
ಕುರ್ಚಿ ಇನ್ನೂ ಎಡಕ್ಕೇ ವಾಲುತ್ತದೆ.
ಎರಡು ಚಾನೆಲ್ ಎಂದಿತ್ತು ನಮ್ಮ ಉಪಕರಣ,
ಒಂದು ಮೂಕ ಎಂದು ಅದಕ್ಕೇನು ಗೊತ್ತು.

ಒಂದು ರಾತ್ರಿ ಯಂತ್ರ ತನ್ನಷ್ಟಕ್ಕೆ ಹೊಸ ಆವೃತ್ತಿ ತಂದುಕೊಂಡಿತು.
ಬೆಳಿಗ್ಗೆ ಸಾಲುಗಳೆಲ್ಲ ಚೆಂದ, ಒಪ್ಪ, ಓರಣ,
ಟಿಪ್ಪಣಿಯ ಖಾನೆಯೇ ಇಲ್ಲ.
ಅಳಿಸಿದ್ದು ನಾನೆಂದುಕೊಂಡಳು ಅಕ್ಕ.
ಮಧ್ಯಾಹ್ನದವರೆಗೆ ಮಾತಿಲ್ಲ,
ರೊಟ್ಟಿಯನ್ನು ನನ್ನ ಕಡೆ ತಳ್ಳಿದಳು, ನೋಡದೆ.

ಹೊಸದನ್ನು ಕಿತ್ತೆ. ಹಳೆಯದರ ಸಂಖ್ಯೆ ಹುಡುಕಿ,
ಇದೇ ಬೇಕು ಎಂದು ಹೆಸರು ಹಿಡಿದು ಕರೆದೆ,
ಬಂದ ಮೇಲೆ ಇನ್ನೊಂದು ಆಜ್ಞೆ:
ಇದನ್ನು ಹಿಡಿದಿಡು. ಯಾರು ಕೇಳಿದರೂ ಬದಲಿಸಬೇಡ.
ಕುದುರೆಯ ಹೆಸರು, ನಾಲ್ಕು ಸೊನ್ನೆ.

ಸಾಲು ಅಲ್ಲೇ ಇತ್ತು. ಕರು, ಮೈಕು, ಕ್ಷಮೆ.
ಬುರುಲ್‌ಕಾನ್ ಅಕ್ಕ ತಲೆಗೆ ಸುತ್ತಿದ ಶಾಲನ್ನು
ಎಡಗಿವಿಯಿಂದ ಮೆಲ್ಲಗೆ ಸರಿಸಿದಳು,
ಹೆಡ್‌ಫೋನಿಗೆ ಕೈ ಚಾಚಿ, ಅರ್ಧಕ್ಕೆ ನಿಲ್ಲಿಸಿ,
"ಆ ಕರುವಿಗೆ ಈಗ ಮೊಮ್ಮಕ್ಕಳಿರಬೇಕು" ಎಂದಳು.

ಉಳಿದದ್ದು ಎರಡು ಸಾವಿರದ ಮುನ್ನೂರ ಹದಿನೆಂಟು.
ನಾನು ಎದ್ದು ಹೀಟರಿಗೆ ಒಂದು ಒದೆ ಕೊಟ್ಟೆ.